ಕ್ರೀಡಾಂಗಣದ ವರದಿಗಾರ್ತಿ: ಶಾರದಾ ಉಗ್ರ ಅವರ ವೃತ್ತಿಜೀವನವನ್ನು ಕುರಿತು ಒಂದು ವಿವೇಚನೆ

೧. ವಿಷಯಪ್ರವೇಶ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಹೆಬ್ಬಾಳದಲ್ಲಿ ೨೦೧೮ರಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಒಂದು ವೀರಗಲ್ಲು ಹೊರಬಿದ್ದಿತು. ಗಂಗರ ಶ್ರೀಪುರುಷನ ಆಳ್ವಿಕೆಗೆ, ಎಂದರೆ ಸುಮಾರು ಕ್ರಿ.ಶ. ೭೫೦ಕ್ಕೆ, ಸೇರಿದ ಈ ಶಾಸನವು ಬೆಂಗಳೂರು ನಗರದಲ್ಲಿ ದೊರೆತಿರುವ ಕನ್ನಡ ಶಾಸನಗಳಲ್ಲೆಲ್ಲ ಪ್ರಾಚೀನವಾದುದೆಂದು ಬಲ್ಲವರು ಎಣಿಸಿದ್ದಾರೆ. ನಾಡಿನ ಮೇಲೆ ಬಂದ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನೆಂಬುವನ ಹೆಸರು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ನಮಗೆ ತಿಳಿಯುವಂತಾದುದು ಆ ಕಲ್ಲಿನಿಂದ. ಅಂಥ ಕಾದಾಟಗಳಲ್ಲಿ ಮಡಿದವರು ಅನೇಕರಿರಬೇಕು. ಅವರಲ್ಲಿ ಬರೆಯಿಸುವವರೂ ಕೆತ್ತುವವರೂ ಒದಗಿದವರು ಮಾತ್ರ ಚರಿತ್ರೆಗೆ ಸೇರಿದರು. ನಮ್ಮ ನಾಡಿನ ವೀರಗಲ್ಲುಗಳು ಬಹುಮಟ್ಟಿಗೆ ಗಂಡಸರ ಸಾಹಸವನ್ನು ಹೇಳುತ್ತವೆ. ಹೆಂಗಸಿಗೆ ಕಲ್ಲು ನೆಟ್ಟ ಕಡೆಗಳಲ್ಲಿ ಅದು ಸಾಮಾನ್ಯವಾಗಿ ಮಾಸ್ತಿಕಲ್ಲು. ಗಂಡನ ಸಾವಿನ ಮೂಲಕವೇ ಅವಳಿಗೆ ದಾಖಲೆಯೊಳಗೆ ಪ್ರವೇಶ.

ಯಾರನ್ನು ಕುರಿತು ಬರೆಯುವುದು ಎಂಬ ಪ್ರಶ್ನೆಯೂ ಬರೆಯುವವರು ಯಾರು ಎಂಬ ಪ್ರಶ್ನೆಯೂ ಪರಸ್ಪರ ಹೆಣೆದುಕೊಂಡಿವೆಯೆಂಬುದನ್ನು ಇದರಿಂದ ಊಹಿಸಬಹುದು. ನಮ್ಮ ಕಾಲದಲ್ಲಿ ದೇಹಬಲ, ಧೈರ್ಯ, ಸೋಲು ಗೆಲುವುಗಳ ದಾಖಲೆಯು ದಿನದಿನವೂ ಸಿದ್ಧವಾಗುವುದು ವೃತ್ತಪತ್ರಿಕೆಗಳ ಕ್ರೀಡಾಪುಟದಲ್ಲಿ. ಆ ಪುಟವನ್ನು ಬಹುಕಾಲ ಗಂಡಸರೇ ಬರೆದರು, ಬಹುಮಟ್ಟಿಗೆ ಗಂಡಸರನ್ನು ಕುರಿತೇ ಬರೆದರು. ಈ ಕಟ್ಟಿನೊಳಕ್ಕೆ ಒಬ್ಬ ಹೆಂಗಸು ಬರೆವಣಿಗೆಯನ್ನು ವೃತ್ತಿಯಾಗಿ ಹಿಡಿದು ಬಂದಾಗ ಏನಾಗುತ್ತದೆ, ಮತ್ತು ಚರಿತ್ರೆಯ ವಿದ್ಯಾರ್ಥಿಗೆ ಅದರಿಂದ ದೊರೆಯುವುದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ನಿದರ್ಶನವಾಗಿ ಮುಂಬಯಿಯಲ್ಲಿ ವೃತ್ತಿಯನ್ನು ಆರಂಭಿಸಿ ಮುಂದೆ ಬೆಂಗಳೂರನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡ ಶಾರದಾ ಉಗ್ರ ಅವರ ಮೂರು ದಶಕಗಳಿಗೂ ಮೀರಿದ ಬರೆವಣಿಗೆಯನ್ನು ತೆಗೆದುಕೊಂಡಿದ್ದೇವೆ. ಅವರ ಖಾಸಗಿ ಬದುಕಿನ ಗೋಜಿಗೆ ನಾವು ಹೋಗುವುದಿಲ್ಲ; ಪತ್ರಕರ್ತರ ಬದುಕಿನಲ್ಲಿ ಚರಿತ್ರಕಾರನಿಗೆ ಸಲ್ಲುವ ಭಾಗ ಅವರು ಮಾಡಿದ ಕೆಲಸವೇ ಆಗಿದೆ.

೨. ಹಿನ್ನೆಲೆ

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮ್ಯೋಗ್ಲಿಂಗ್ ಅವರು ೧೮೪೩ರ ಜುಲೈ ೧ರಂದು ಹೊರತಂದರು. ಹೆಂಗಸರು ಈ ಕ್ಷೇತ್ರಕ್ಕೆ ಬರಲು ಅಲ್ಲಿಂದ ಸುಮಾರು ಏಳು ದಶಕಗಳು ಹಿಡಿದವು. ನಂಜನಗೂಡು ತಿರುಮಲಾಂಬ (೧೮೮೭-೧೯೮೨) ಅವರು ೧೯೧೩ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ತೊಡಗಿ, ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿದರು. ಇಬ್ಬರೂ ಎಳೆಯ ವಯಸ್ಸಿನಲ್ಲಿಯೇ ವೈಧವ್ಯವನ್ನು ಕಂಡವರು; ಲೇಖನಿಯನ್ನೇ ಆಶ್ರಯಿಸಿ ಸಾರ್ವಜನಿಕ ಬದುಕಿಗೆ ಬಂದವರು. ಅವರ ಸಾಧನೆ ಅಸಾಧಾರಣವಾದುದು. ಆದರೂ ಒಂದು ಅಂಶವನ್ನು ಗಮನಿಸಬೇಕು. ಅವರದು ಸಂಪಾದಕಿಯರ ಪತ್ರಿಕಾವ್ಯವಸಾಯ. ಲೇಖನಗಳು ಅವರಿದ್ದೆಡೆಗೆ ಬರುತ್ತಿದ್ದುವು. ಪತ್ರಿಕೆಯು ಅಲ್ಲಿಂದ ಓದುಗರ ಮನೆಗಳಿಗೆ ಹೋಗುತ್ತಿತ್ತು. ವರದಿಗಾರ್ತಿಯ ಕೆಲಸ ಬೇರೆ. ಅವಳು ಘಟನೆ ನಡೆಯುವ ಸ್ಥಳಕ್ಕೆ ಹೋಗಿ ನಿಲ್ಲಬೇಕು; ಅಪರಿಚಿತರನ್ನು ಪ್ರಶ್ನಿಸಬೇಕು; ರಾತ್ರಿ ಕಚೇರಿಯಲ್ಲಿ ಅಚ್ಚಿಗೆ ಪುಟ ಹೋಗುವ ತನಕ ಇರಬೇಕು. ಆದಕಾರಣ ಪತ್ರಿಕೆಯನ್ನು ನಡೆಸುವ ಹೆಂಗಸರು ಕಾಣಿಸಿಕೊಂಡ ಎಷ್ಟೋ ವರ್ಷಗಳ ಮೇಲೆ ವರದಿಗಾರ್ತಿಯರು ಕಾಣಿಸಿಕೊಂಡರು. ಅವರಲ್ಲಿಯೂ ಕ್ರೀಡಾವರದಿಗೆ ಬಂದವರು ತೀರ ತಡವಾಗಿ ಬಂದರು.

ಈ ವಿಳಂಬಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು ಜ್ಞಾನವನ್ನು ಕುರಿತ ಶಂಕೆ: ಆಡದವಳಿಗೆ ಆಟ ಹೇಗೆ ಗೊತ್ತಾದೀತು ಎಂಬ ಮಾತು. ಇದೇ ಮಾತನ್ನು ಗಂಡಸರಿಗೆ ಯಾರೂ ಅನ್ವಯಿಸಲಿಲ್ಲ. ಇಂಗ್ಲೆಂಡಿನ ಕ್ರಿಕೆಟ್ ಬರೆವಣಿಗೆಗೆ ಸಾಹಿತ್ಯದ ಘನತೆಯನ್ನು ತಂದ ನೆವಿಲ್ ಕಾರ್ಡಸ್ ಟೆಸ್ಟ್ ಆಟಗಾರರಾಗಿರಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಎರಡನೆಯದು ಹೊತ್ತು ಮತ್ತು ಪ್ರಯಾಣ: ಪಂದ್ಯಗಳು ಊರೂರಲ್ಲಿ ನಡೆಯುತ್ತವೆ, ವರದಿ ಮುಗಿಯುವುದು ರಾತ್ರಿಯಲ್ಲಿ. ಮೂರನೆಯದು ಬಾಗಿಲು. ಆಟದ ನಿಜವಾದ ಸುದ್ದಿಯು ಅಂಗಳದಲ್ಲಿರುವಷ್ಟೇ ಆಟಗಾರರ ಕೊಠಡಿಯ ಮುಂದೆಯೂ ಹೋಟೆಲಿನ ಮೊಗಸಾಲೆಯಲ್ಲಿಯೂ ಹುಟ್ಟುತ್ತದೆ. ಅಲ್ಲಿ ನಿಂತ ಗಂಡಸು ವರದಿಗಾರ, ಹೆಂಗಸಾದರೆ ಹತ್ತು ಜನರ ನಾಲಗೆಗೆ ಆಹಾರ.

ಈ ಸ್ಥಿತಿ ನಮ್ಮ ದೇಶಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಇಂಗ್ಲೆಂಡಿನ ಮಾರ್ಗರೆಟ್ ಹ್ಯೂಸ್ ಎಂಬಾಕೆ ೧೯೫೦ರ ದಶಕದಲ್ಲಿಯೇ ಕ್ರಿಕೆಟ್ಟನ್ನು ಕುರಿತು ಗ್ರಂಥಗಳನ್ನು ಬರೆದಿದ್ದರು. ಆದರೆ ಲಾರ್ಡ್ಸ್ ಮೈದಾನದ ಒಡೆತನವುಳ್ಳ ಮೆರಿಲ್ಬೋನ್ ಕ್ರಿಕೆಟ್ ಕ್ಲಬ್ಬು ಹೆಂಗಸರಿಗೆ ಸದಸ್ಯತ್ವವನ್ನು ಕೊಡಲು ಒಪ್ಪಿದುದು ೧೯೯೮ರಲ್ಲಿ. ಅಮೆರಿಕದಲ್ಲಿ ಮೆಲಿಸ್ಸಾ ಲುಡ್ಟ್‌ಕಿ ಎಂಬ ವರದಿಗಾರ್ತಿಗೆ ೧೯೭೭ರ ಬೇಸ್‌ಬಾಲ್ ಅಂತಿಮ ಸರಣಿಯಲ್ಲಿ ಆಟಗಾರರ ಕೊಠಡಿಗೆ ಪ್ರವೇಶವನ್ನು ನಿರಾಕರಿಸಲಾಯಿತು. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ ೧೯೭೮ರಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರು ವರದಿಗಾರ್ತಿಯ ಪರವಾಗಿ ತೀರ್ಪಿತ್ತರು. ಸರಿಸುಮಾರು ಅದೇ ಕಾಲದಲ್ಲಿ ಭಾರತದಲ್ಲಿ ಸಿ.ಕೆ. ನಾಯುಡು ಅವರ ಪುತ್ರಿ, ಇಂದೂರಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದ ಚಂದ್ರಾ ನಾಯುಡು ಅವರು ಕ್ರಿಕೆಟ್ ವೀಕ್ಷಕ ವಿವರಣೆಯನ್ನು ನೀಡಿ ಆ ಕೆಲಸದಲ್ಲಿ ಭಾರತೀಯ ಹೆಂಗಸರ ಪೈಕಿ ಮೊದಲಿಗರೆನಿಸಿದರು.

೩. ಆಟ ಮೊದಲು, ಬರೆವಣಿಗೆ ಆಮೇಲೆ

ವರದಿಗಾರ್ತಿಯ ಮಾತಿಗೆ ಬರುವ ಮುನ್ನ ಆಟಗಾರ್ತಿಯರ ಮಾತನ್ನು ಸ್ವಲ್ಪ ಹೇಳಬೇಕಾಗಿದೆ. ಭಾರತೀಯ ಮಹಿಳಾ ಕ್ರಿಕೆಟ್ ಸಂಘವು ೧೯೭೩ರಲ್ಲಿ ಸ್ಥಾಪಿತವಾಯಿತು. ಮೂರೇ ವರ್ಷಗಳಲ್ಲಿ, ೧೯೭೬ರ ಅಕ್ಟೋಬರ್ ೩೧ರಂದು, ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸ್ ತಂಡದ ವಿರುದ್ಧ ಆಡಿದರು. ಆ ಪಂದ್ಯ ನಡೆದುದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಭಾರತ ತಂಡದ ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಪಂದ್ಯ ಸಮವಾಗಿ ಮುಗಿಯಿತು. ಅದೇ ನವೆಂಬರಿನಲ್ಲಿ ಪಟ್ನಾದಲ್ಲಿ ಭಾರತವು ಮೊದಲ ಜಯವನ್ನು ಪಡೆಯಿತು. ೧೯೭೭ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ ಶಾಂತಾ ರಂಗಸ್ವಾಮಿಯವರು ೧೦೮ ಓಟಗಳನ್ನು ಗಳಿಸಿ ಟೆಸ್ಟ್ ಶತಕವನ್ನು ಬಾರಿಸಿದ ಮೊದಲ ಭಾರತೀಯ ಮಹಿಳೆಯಾದರು. ಅರ್ಜುನ ಪ್ರಶಸ್ತಿಯನ್ನು ಪಡೆದ ಮೊದಲ ಕ್ರಿಕೆಟ್ ಆಟಗಾರ್ತಿಯೂ ಅವರೇ.

ಇಷ್ಟು ಸಂಗತಿಗಳು ಅಂಕಿಗಳ ಪಟ್ಟಿಯಿಂದ ನಮಗೆ ದೊರೆಯುತ್ತವೆ. ಆದರೆ ಆ ತಲೆಮಾರಿನ ಆಟಗಾರ್ತಿಯರು ಕಾಯ್ದಿರಿಸದ ಡಬ್ಬಿಗಳಲ್ಲಿ ಪ್ರಯಾಣ ಮಾಡಿದ್ದು, ಸಾಮೂಹಿಕ ವಸತಿಗಳ ನೆಲದ ಮೇಲೆ ಮಲಗಿದ್ದು, ಕೆಲವೇ ಬ್ಯಾಟುಗಳನ್ನು ಇಡೀ ತಂಡ ಹಂಚಿಕೊಂಡದ್ದು, ಖರ್ಚನ್ನು ತಾವೇ ಭರಿಸಿದ್ದು—ಇವೆಲ್ಲ ನಮಗೆ ತಿಳಿದಿರುವುದು ಬಹುಪಾಲು ದಶಕಗಳ ತರುವಾಯ ಅವರೇ ಹೇಳಿಕೊಂಡ ನೆನಪುಗಳಿಂದ. ನೆನಪು ಅಮೂಲ್ಯವಾದ ಆಕರ; ಆದರೂ ಅದು ಅಂದಂದೇ ಬರೆದಿಟ್ಟ ವರದಿಯ ಸ್ಥಾನವನ್ನು ಪೂರ್ಣವಾಗಿ ತುಂಬಲಾರದು. ಆಟದ ಮಾರನೆಯ ದಿನವೇ ಆಟಗಾರ್ತಿಯ ಪಕ್ಕದಲ್ಲಿ ಕುಳಿತು ಕೇಳುವವರಿದ್ದಿದ್ದರೆ ನಮ್ಮ ಕ್ರೀಡಾಚರಿತ್ರೆ ಎಷ್ಟು ಬೇರೆಯಾಗಿರುತ್ತಿತ್ತೆಂಬುದನ್ನು ಓದುಗರೇ ಊಹಿಸಬಹುದು.

೪. ನಾಲ್ಕು ಪತ್ರಿಕೆಗಳು, ನಾಲ್ಕು ಗಡಿಯಾರಗಳು

ಶಾರದಾ ಉಗ್ರ ಅವರು ೧೯೮೦ರ ದಶಕದ ಕೊನೆಯ ವೇಳೆಗೆ ಮುಂಬಯಿಯ 'ಮಿಡ್-ಡೇ' ಪತ್ರಿಕೆಯ ಕ್ರೀಡಾವಿಭಾಗವನ್ನು ಸೇರಿದರು. ಅಲ್ಲಿಂದ 'ದಿ ಹಿಂದೂ', ಅನಂತರ 'ಇಂಡಿಯಾ ಟುಡೇ', ಆಮೇಲೆ ಬೆಂಗಳೂರಿನಲ್ಲಿ ಕಚೇರಿಯುಳ್ಳ 'ಇ.ಎಸ್.ಪಿ.ಎನ್. ಕ್ರಿಕ್‌ಇನ್ಫೋ', ಹೀಗೆ ಅವರ ವೃತ್ತಿಜೀವನ ಸಾಗಿತು. ಕೊನೆಯ ಸಂಸ್ಥೆಯಲ್ಲಿ ಅವರು ಹಿರಿಯ ಸಂಪಾದಕಿಯಾಗಿದ್ದರು. ಅದನ್ನು ಬಿಟ್ಟ ಮೇಲೆ ಸ್ವತಂತ್ರವಾಗಿ ಬರೆಯತೊಡಗಿದರು. ಇದನ್ನು ಕೇವಲ ಉದ್ಯೋಗಗಳ ಪಟ್ಟಿಯೆಂದು ಓದಬಾರದು. ಈ ನಾಲ್ಕು ಪತ್ರಿಕೆಗಳೂ ನಾಲ್ಕು ಬಗೆಯ ಕಾಲಗತಿಗೆ ಸೇರಿದುವು. ಒಂದೊಂದು ಕಾಲಗತಿಯೂ ವರದಿಗಾರರಿಂದ ಬೇರೆ ಬೇರೆ ಗುಣವನ್ನು ಬೇಡುತ್ತದೆ.

ಖಾಲಿದ್ ಅನ್ಸಾರಿಯವರು ೧೯೭೯ರಲ್ಲಿ ಸ್ಥಾಪಿಸಿದ 'ಮಿಡ್-ಡೇ', ಹೆಸರೇ ಹೇಳುವಂತೆ, ಆ ಕಾಲದಲ್ಲಿ ಮಧ್ಯಾಹ್ನದ ಪತ್ರಿಕೆಯಾಗಿತ್ತು. ಹಿಂದಿನ ದಿನದ ಪಂದ್ಯದ ಫಲಿತಾಂಶವನ್ನು ಬೆಳಗಿನ ಪತ್ರಿಕೆಗಳು ಆಗಲೇ ಹೇಳಿ ಮುಗಿಸಿರುತ್ತವೆ. ಆದುದರಿಂದ ಮಧ್ಯಾಹ್ನದ ಪತ್ರಿಕೆಯ ವರದಿಗಾರರು ಬೆಳಗಿನ ಪತ್ರಿಕೆಯಲ್ಲಿ ಇಲ್ಲದ್ದನ್ನು ತರಬೇಕು: ಆಟಗಾರನೊಡನೆ ಮಾತುಕತೆ, ಆಯ್ಕೆಯ ಹಿಂದಿನ ಸಂಗತಿ, ಶಾಲಾಬಾಲಕರ ಪಂದ್ಯದಲ್ಲಿ ತಲೆಯೆತ್ತುತ್ತಿರುವ ಹೊಸಬನ ಸುಳಿವು. ಮುಂಬಯಿಯ ಮೈದಾನಗಳಲ್ಲಿ ಅಂಥ ಸುಳಿವಿಗೆ ಬರವಿರಲಿಲ್ಲ. ೧೯೮೮ರ ಫೆಬ್ರವರಿಯಲ್ಲಿ ಹ್ಯಾರಿಸ್ ಶೀಲ್ಡ್ ಶಾಲಾ ಪಂದ್ಯಾವಳಿಯಲ್ಲಿ ಇಬ್ಬರು ಹುಡುಗರು ಮುರಿಯದ ೬೬೪ ಓಟಗಳ ಜೊತೆಯಾಟವನ್ನು ಆಡಿದ್ದರು; ಅವರಲ್ಲೊಬ್ಬನಾದ ಸಚಿನ್ ತೆಂಡೂಲ್ಕರ್ ೧೯೮೯ರ ನವೆಂಬರಿನಲ್ಲಿ ಕರಾಚಿಯಲ್ಲಿ ಭಾರತದ ಪರ ಟೆಸ್ಟ್ ಆಡಿದನು. ಹೊಸ ವರದಿಗಾರ್ತಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಎಲ್ಲಿ ದೊರಕೀತು? ಮೈದಾನದ ಅಂಚಿನಲ್ಲಿ ಬಿಸಿಲಿನಲ್ಲಿ ನಿಂತು ನೋಡುವುದು ಆ ಶಾಲೆಯ ಮೊದಲ ಪಾಠ.

'ದಿ ಹಿಂದೂ' ಬೆಳಗಿನ ಪತ್ರಿಕೆ. ಇಲ್ಲಿ ವರದಿಯು ರಾತ್ರಿಯೊಳಗೆ ಮುಗಿಯಬೇಕು, ಅದರಲ್ಲಿ ಪಂದ್ಯದ ಗತಿ ಕ್ರಮವಾಗಿ ಬರಬೇಕು, ಅಂಕಿಗಳಲ್ಲಿ ತಪ್ಪಿರಬಾರದು. ೧೯೭೮ರಲ್ಲಿ ಅದೇ ಸಂಸ್ಥೆಯಿಂದ 'ಸ್ಪೋರ್ಟ್‌ಸ್ಟಾರ್' ಎಂಬ ಕ್ರೀಡಾಪತ್ರಿಕೆಯೂ ಆರಂಭವಾಗಿದ್ದುದರಿಂದ ಕ್ರೀಡೆಗೆ ಅಲ್ಲಿ ವಿಶೇಷ ಮರ್ಯಾದೆಯಿತ್ತು. 'ಇಂಡಿಯಾ ಟುಡೇ'ಯದು ವಾರದ ಗಡಿಯಾರ. ಓದುಗನ ಕೈಗೆ ಅದು ಸೇರುವಷ್ಟರಲ್ಲಿ ಫಲಿತಾಂಶ ಹಳತಾಗಿರುತ್ತದೆ. ಉಳಿಯುವುದು ಕಾರಣಗಳ ಪರಿಶೀಲನೆ. ಶಾರದಾ ಉಗ್ರ ಅವರು ಸುಮಾರು ಒಂದು ದಶಕ ಆ ಪತ್ರಿಕೆಯಲ್ಲಿದ್ದರು. ಆ ದಶಕವು ತೊಡಗಿದುದೇ ಭಾರತೀಯ ಕ್ರಿಕೆಟ್ಟಿನ ದೊಡ್ಡ ಅವಮಾನದಿಂದ. ೨೦೦೦ದ ಏಪ್ರಿಲಿನಲ್ಲಿ ದೆಹಲಿಯ ಪೊಲೀಸರು ದಕ್ಷಿಣ ಆಫ್ರಿಕದ ನಾಯಕ ಹಾನ್ಸಿ ಕ್ರೋನಿಯೆಯ ಮೇಲೆ ಪಂದ್ಯಗಳ ಮೋಸದಾಟದ ಆಪಾದನೆಯನ್ನು ಹೊರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದ ಮಾಜಿ ನಾಯಕ ಮೊಹಮ್ಮದ್ ಅಜರುದ್ದೀನ್ ಅವರ ಮೇಲೆ ಕ್ರಿಕೆಟ್ ಮಂಡಲಿಯು ಆಜೀವ ನಿಷೇಧವನ್ನು ವಿಧಿಸಿತು. ಆ ನಿಷೇಧವನ್ನು ೨೦೧೨ರಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ಅಸಿಂಧುವೆಂದು ಘೋಷಿಸಿತು. ಕ್ರೀಡಾಪುಟವೆಂದರೆ ಹೊಗಳಿಕೆಯ ಪುಟವೆಂಬ ಹಳೆಯ ಭಾವನೆ ಆ ವರ್ಷ ಅಲುಗಾಡಿತು.

ನಾಲ್ಕನೆಯದಾದ 'ಕ್ರಿಕ್‌ಇನ್ಫೋ' ಗಡಿಯಾರವೇ ಇಲ್ಲದ ಪತ್ರಿಕೆ. ೧೯೯೩ರಲ್ಲಿ ಅಂತರಜಾಲದಲ್ಲಿ ಹುಟ್ಟಿದ ಅದು ಎಸೆತ ಎಸೆತಕ್ಕೂ ಸುದ್ದಿಯನ್ನು ಕೊಡುತ್ತದೆ. ಅದರ ಓದುಗರು ಭೂಮಿಯ ಎಲ್ಲ ಭಾಗಗಳಲ್ಲಿಯೂ ಇದ್ದಾರೆ. ಇಂಥ ಅವಸರದ ಮಧ್ಯೆ ನಿಧಾನವಾಗಿ ಯೋಚಿಸಿ ಬರೆದ ದೀರ್ಘ ಲೇಖನಕ್ಕೆ ಎಡೆಯಿದೆಯೆ ಎಂದು ಸಂದೇಹ ಬರಬಹುದು. ಆದರೆ ೨೦೧೩ರಲ್ಲಿ ಇಂಡಿಯನ್ ಪ್ರೀಮಿಯರ್ ಲೀಗ್ ಪಂದ್ಯಗಳ ಹಗರಣವು ಹೊರಬಿದ್ದು, ನ್ಯಾಯಮೂರ್ತಿ ಮುದ್ಗಲ್ ಸಮಿತಿಯೂ ಅನಂತರ ನ್ಯಾಯಮೂರ್ತಿ ಲೋಧಾ ಸಮಿತಿಯೂ ನೇಮಕವಾಗಿ, ೨೦೧೬ರ ಜುಲೈ ೧೮ರಂದು ಸರ್ವೋಚ್ಚ ನ್ಯಾಯಾಲಯವು ಲೋಧಾ ಸಮಿತಿಯ ಮುಖ್ಯ ಶಿಫಾರಸುಗಳನ್ನು ಅಂಗೀಕರಿಸಿದ ಆ ವರ್ಷಗಳಲ್ಲಿ ಓದುಗರಿಗೆ ಬೇಕಾಗಿದ್ದುದು ಅಂಥ ಲೇಖನಗಳೇ. ಮಂಡಲಿಯ ಆಡಳಿತ, ಹಣದ ಹರಿವು, ಅಧಿಕಾರಿಗಳ ಹೊಣೆ—ಇವುಗಳನ್ನು ಕುರಿತು ಶಾರದಾ ಉಗ್ರ ಅವರು ನಿರ್ದಾಕ್ಷಿಣ್ಯವಾಗಿ ಬರೆದರು. ಕ್ರಿಕೆಟ್ಟಿಗೆ ಮಾತ್ರ ತಮ್ಮನ್ನು ಕಟ್ಟಿಹಾಕಿಕೊಳ್ಳದೆ ಒಲಿಂಪಿಕ್ ಕ್ರೀಡೆಗಳನ್ನೂ ಆಟಗಾರ್ತಿಯರ ಸ್ಥಿತಿಗತಿಗಳನ್ನೂ ಕುರಿತು ಬರೆದುದು ಅವರ ಇನ್ನೊಂದು ವಿಶೇಷ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕ್ರೀಡಾವರದಿಗಾರರು ಆಟಗಾರರ ಮತ್ತು ಅಧಿಕಾರಿಗಳ ಸದಿಚ್ಛೆಯನ್ನು ಅವಲಂಬಿಸಿರುತ್ತಾರೆ. ಕಟುವಾಗಿ ಬರೆದವರಿಗೆ ಮಾತನಾಡಲು ನಿರಾಕರಿಸುವುದೂ ಪ್ರವೇಶಪತ್ರವನ್ನು ತಡೆಹಿಡಿಯುವುದೂ ಎಲ್ಲ ದೇಶಗಳಲ್ಲಿಯೂ ನಡೆದು ಬಂದಿರುವ ಪದ್ಧತಿ. ಗಂಡಸರಿಗಾದರೆ ಇಂಥ ಬಾಗಿಲು ಮುಚ್ಚಿದಾಗ ಸ್ನೇಹದ ಹಿಂಬಾಗಿಲೊಂದು ತೆರೆದಿರುತ್ತದೆ: ಸಂಜೆಯ ಕೂಟ, ಹಳೆಯ ಕ್ಲಬ್ಬು, ಜೊತೆಯಲ್ಲಿ ಆಡಿದ ನಂಟು. ವರದಿಗಾರ್ತಿಗೆ ಆ ಹಿಂಬಾಗಿಲು ಸುಲಭವಾಗಿ ಸಿಕ್ಕದು. ಆದುದರಿಂದ ಅವಳ ಬಂಡವಾಳವೆಲ್ಲ ಅವಳ ಬರೆವಣಿಗೆಯ ವಿಶ್ವಾಸಾರ್ಹತೆಯಲ್ಲಿಯೇ ಇರಬೇಕಾಗುತ್ತದೆ. ಹೊರಗೆ ನಿಂತವರಿಗೆ ಇದು ಕಷ್ಟವೂ ಹೌದು, ಒಂದು ಬಗೆಯ ಸ್ವಾತಂತ್ರ್ಯವೂ ಹೌದು; ಋಣವಿಲ್ಲದವರಿಗೆ ದಾಕ್ಷಿಣ್ಯವೂ ಕಡಿಮೆ.

೫. ಎರಡು ಗ್ರಂಥಗಳು ಮತ್ತು ಆಕರದ ಪ್ರಶ್ನೆ

ಶಾರದಾ ಉಗ್ರ ಅವರ ಹೆಸರು ಸಹಲೇಖಕಿಯಾಗಿ ಎರಡು ಪ್ರಸಿದ್ಧ ಆತ್ಮಕಥನಗಳಿಗೆ ಸೇರಿದೆ. ಮೊದಲನೆಯದು ನ್ಯೂಜಿಲೆಂಡಿನ ಜಾನ್ ರೈಟ್ ಅವರ 'ಇಂಡಿಯನ್ ಸಮ್ಮರ್ಸ್' (೨೦೦೬). ರೈಟ್ ಅವರು ೨೦೦೦ದಿಂದ ೨೦೦೫ರ ವರೆಗೆ ಭಾರತ ತಂಡದ ತರಬೇತುದಾರರಾಗಿದ್ದವರು, ಆ ಸ್ಥಾನಕ್ಕೆ ಬಂದ ಮೊದಲ ವಿದೇಶೀಯರು. ಪಾಲ್ ಥಾಮಸ್ ಎಂಬುವರೂ ಈ ಗ್ರಂಥದ ರಚನೆಯಲ್ಲಿ ಪಾಲುಗೊಂಡಿದ್ದಾರೆ. ಎರಡನೆಯದು ಯುವರಾಜ್ ಸಿಂಗ್ ಅವರ 'ದಿ ಟೆಸ್ಟ್ ಆಫ್ ಮೈ ಲೈಫ್'. ೨೦೧೩ರಲ್ಲಿ ಬಿಡುಗಡೆಯಾದ ಇದರಲ್ಲಿ ನಿಶಾಂತ್ ಜೀತ್ ಅರೋರಾ ಅವರೂ ಸಹಲೇಖಕರು. ೨೦೧೧ರ ವಿಶ್ವಕಪ್ಪಿನಲ್ಲಿ ಸರಣಿಶ್ರೇಷ್ಠರಾದ ಯುವರಾಜ್ ಅವರು ಮರುವರ್ಷ ಅರ್ಬುದ ರೋಗಕ್ಕೆ ಅಮೆರಿಕದಲ್ಲಿ ಚಿಕಿತ್ಸೆ ಪಡೆದು, ೨೦೧೨ರ ಸೆಪ್ಟೆಂಬರಿನಲ್ಲಿ ಮತ್ತೆ ಭಾರತದ ಪರ ಆಡಿದ ಕಥೆ ಅದರಲ್ಲಿದೆ.

ಈ ಬಗೆಯ ಗ್ರಂಥಗಳನ್ನು ಚರಿತ್ರೆಯ ವಿದ್ಯಾರ್ಥಿಯು ಹೇಗೆ ಓದಬೇಕು? ಗ್ರಂಥದಲ್ಲಿ 'ನಾನು' ಎಂದು ಮಾತನಾಡುವವನು ಆಟಗಾರ. ವಾಕ್ಯವನ್ನು ಕಟ್ಟಿದವರು ಬೇರೆ. ನಮ್ಮ ಶಾಸನಗಳಲ್ಲಿಯೂ ದಾನ ಕೊಟ್ಟ ಅರಸ, ಪಾಠವನ್ನು ರಚಿಸಿದ ಕವಿ, ಕಲ್ಲಿನಲ್ಲಿ ಕೆತ್ತಿದ ರೂವಾರಿ ಬೇರೆ ಬೇರೆಯಾಗಿರುವುದುಂಟು; ಶಾಸನಶಾಸ್ತ್ರವನ್ನು ಕಲಿತವರು ಮೂವರನ್ನೂ ಬೇರ್ಪಡಿಸಿ ನೋಡುತ್ತಾರೆ. ಅದೇ ವಿವೇಕ ಇಲ್ಲಿಯೂ ಬೇಕು. ಸಹಲೇಖಕಿಯು ಕೇಳಿದ ಪ್ರಶ್ನೆಗಳು ಗ್ರಂಥದಲ್ಲಿ ಕಾಣಿಸುವುದಿಲ್ಲ, ಉತ್ತರಗಳು ಮಾತ್ರ ಕಾಣಿಸುತ್ತವೆ. ಆದರೆ ಯಾವುದನ್ನು ಕೇಳಬೇಕೆಂಬುದನ್ನು ಬಲ್ಲವರು ಎದುರಿಗಿಲ್ಲದಿದ್ದರೆ ಆ ಉತ್ತರಗಳು ಹುಟ್ಟುತ್ತಲೇ ಇರಲಿಲ್ಲ. ಬಲಿಷ್ಠನಾದ ಯುವಕನೊಬ್ಬನು ತನ್ನ ದೇಹದ ದೌರ್ಬಲ್ಯವನ್ನು, ಭಯವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವಂತೆ ಮಾಡುವುದು ಸಾಮಾನ್ಯ ಕೌಶಲವಲ್ಲ. ಮುಖಪುಟದ ದೊಡ್ಡ ಅಕ್ಷರಗಳ ಕೆಳಗಿರುವ ಚಿಕ್ಕ ಅಕ್ಷರಗಳನ್ನೂ ಓದುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು.

೬. ಮರೆವಿಗೆ ಒಂದು ನಿದರ್ಶನ

ಕ್ರೀಡಾಪುಟವನ್ನು ಬರೆಯುವವರೂ ಓದುವವರೂ ಒಂದೇ ಕಡೆಗೆ ನೋಡುತ್ತಿದ್ದರೆ ಚರಿತ್ರೆಗೆ ಆಗುವ ಹಾನಿ ಯಾವ ಬಗೆಯದು? ೨೦೧೦ರ ಫೆಬ್ರವರಿ ೨೪ರಂದು ಗ್ವಾಲಿಯರಿನಲ್ಲಿ ಸಚಿನ್ ತೆಂಡೂಲ್ಕರ್ ಅವರು ದಕ್ಷಿಣ ಆಫ್ರಿಕದ ವಿರುದ್ಧ ಔಟಾಗದೆ ೨೦೦ ಓಟಗಳನ್ನು ಗಳಿಸಿದಾಗ, ಅಂತಾರಾಷ್ಟ್ರೀಯ ಏಕದಿನ ಪಂದ್ಯಗಳ ಚರಿತ್ರೆಯಲ್ಲಿಯೇ ಅದು ಮೊದಲ ದ್ವಿಶತಕವೆಂಬ ಮಾತು ದೇಶದಲ್ಲೆಲ್ಲ ಹರಡಿತು. ವಸ್ತುಸ್ಥಿತಿ ಹಾಗಿರಲಿಲ್ಲ. ೧೯೯೭ರ ಡಿಸೆಂಬರ್ ೧೬ರಂದು ಮಹಿಳೆಯರ ವಿಶ್ವಕಪ್ಪಿನಲ್ಲಿ ಆಸ್ಟ್ರೇಲಿಯದ ನಾಯಕಿ ಬೆಲಿಂಡಾ ಕ್ಲಾರ್ಕ್ ಅವರು ಡೆನ್ಮಾರ್ಕ್ ವಿರುದ್ಧ ಔಟಾಗದೆ ೨೨೯ ಓಟಗಳನ್ನು ಗಳಿಸಿದ್ದರು. ಆ ಪಂದ್ಯ ನಡೆದುದು ದೂರದ ದ್ವೀಪದಲ್ಲಲ್ಲ; ತೆಂಡೂಲ್ಕರ್ ಅವರ ತವರೂರಾದ ಮುಂಬಯಿಯಲ್ಲಿ. ಹನ್ನೆರಡು ವರ್ಷಗಳಲ್ಲಿ ಒಂದು ದಾಖಲೆಯು ಸಾರ್ವಜನಿಕರ ನೆನಪಿನಿಂದ ಅಳಿಸಿಹೋಗಬೇಕಾದರೆ ಅದನ್ನು ಯಾರೂ ಸುಟ್ಟುಹಾಕಬೇಕಾಗಿಲ್ಲ. ಆ ದಿನ ಅದನ್ನು ಮೂಲೆಯ ಸಣ್ಣ ಸುದ್ದಿಯಾಗಿ ಹಾಕಿದರೆ ಸಾಕು.

ಹೆಂಗಸರು ಬರೆದ ಮಾತ್ರಕ್ಕೆ ಹೆಂಗಸರ ಆಟಕ್ಕೆ ನ್ಯಾಯ ದೊರೆತುಬಿಡುತ್ತದೆಂದು ನಾವು ವಾದಿಸುವುದಿಲ್ಲ. ವರದಿಗಾರ್ತಿಯನ್ನು ಮಹಿಳಾ ಪಂದ್ಯಗಳಿಗೆ ಮಾತ್ರ ಕಳುಹಿಸುವುದೂ ಇನ್ನೊಂದು ಬಗೆಯ ಬೇಲಿಯೇ ಆದೀತು. ಶಾರದಾ ಉಗ್ರ ಅವರ ವೃತ್ತಿಜೀವನದ ಬೆಲೆ ಇರುವುದು ಅವರು ಪುರುಷರ ಆಟವನ್ನೂ ಅದರ ಆಡಳಿತವನ್ನೂ ನೇರವಾಗಿ ಪರಿಶೀಲಿಸಿದುದರಲ್ಲಿ. ಆಟಗಾರ್ತಿಯರನ್ನು ಕುರಿತು ಬರೆಯುವಾಗಲೂ ಅದೇ ಅಳತೆಗೋಲನ್ನು ಬಳಸಿದುದರಲ್ಲಿ. ಮೆಚ್ಚುಗೆಯ ಎರಡು ಮಾತಿಗಿಂತ ಸಮಾನವಾದ ವಿಮರ್ಶೆಯೇ ಆಟಕ್ಕೆ ಸಲ್ಲುವ ಹೆಚ್ಚಿನ ಗೌರವ.

೭. ಕನ್ನಡ ಕ್ರೀಡಾಭಾಷೆಯ ಮಾತು

ಇದುವರೆಗೆ ಹೇಳಿದುದೆಲ್ಲ ಇಂಗ್ಲಿಷ್ ಪತ್ರಿಕೆಗಳ ವಿಷಯ. ಕನ್ನಡ ಪತ್ರಿಕೆಗಳು ಕ್ರೀಡೆಗಾಗಿ ಸೊಗಸಾದ ಪದಸಂಪತ್ತನ್ನು ನಿರ್ಮಿಸಿವೆ. ದಾಂಡಿಗ, ಶತಕ, ಜೊತೆಯಾಟ, ಹುದ್ದರಿ, ಸವ್ಯಸಾಚಿ ಮೊದಲಾದ ಮಾತುಗಳು ಓದುಗರ ನಾಲಗೆಯ ಮೇಲೆ ನೆಲೆಸಿವೆ. ಆದರೆ ಈ ಪದಗಳಲ್ಲಿ ಕೆಲವು ಹುಟ್ಟುತ್ತಲೇ ಪುಲ್ಲಿಂಗವನ್ನು ಹೊತ್ತು ಬಂದಿವೆ. ದಾಂಡಿಗ ಎಂಬುದಕ್ಕೆ ಸ್ತ್ರೀರೂಪವು ರೂಢಿಗೆ ಬರಲಿಲ್ಲ. ಪಂದ್ಯದಲ್ಲಿ ಶ್ರೇಷ್ಠನಾದವನಿಗೆ ಪತ್ರಿಕೆಗಳು ಕೊಟ್ಟ 'ಪಂದ್ಯಪುರುಷೋತ್ತಮ' ಎಂಬ ಬಿರುದು ಕಿವಿಗೆ ಇಂಪಾದುದೇ. ಅದನ್ನು ಆಟಗಾರ್ತಿಗೆ ಹೇಗೆ ತೊಡಿಸುವುದು? ಆದುದರಿಂದ 'ಪಂದ್ಯಶ್ರೇಷ್ಠ' ಎಂಬ ಮಾತಿನ ಬಳಕೆ ಹೆಚ್ಚಿತು. ಇಂಗ್ಲಿಷಿನಲ್ಲಿಯೂ ಇದೇ ತೊಡಕು ಬಂದು, ೨೦೨೧ರಲ್ಲಿ ಆಟದ ನಿಯಮಾವಳಿಯಲ್ಲಿಯೇ 'ಬ್ಯಾಟ್ಸ್‌ಮನ್' ಎಂಬುದನ್ನು 'ಬ್ಯಾಟರ್' ಎಂದು ತಿದ್ದಲಾಯಿತು. ಕನ್ನಡಕ್ಕೆ ಆಟಗಾರ್ತಿ, ಓಟಗಾರ್ತಿ, ವರದಿಗಾರ್ತಿ ಎಂಬ ರೂಪಗಳನ್ನು ಸಲೀಸಾಗಿ ಕೊಡುವ ಶಕ್ತಿಯಿದೆ. 'ನಾಯಕಿ' ಎಂಬ ಮಾತು ನಾಟಕ ಸಿನಿಮಾಗಳಿಂದ ಹೊರಬಂದು ತಂಡವನ್ನು ನಡೆಸುವವಳೆಂಬ ಅರ್ಥವನ್ನು ಗಳಿಸಿದುದು ಕ್ರೀಡಾಪುಟವು ಭಾಷೆಗೆ ಮಾಡಿದ ಒಂದು ಉಪಕಾರ. ಕನ್ನಡದ ವರದಿಗಾರ್ತಿಯರು ಹೆಚ್ಚಿದಂತೆಲ್ಲ ಇಂಥ ರೂಪಗಳು ಇನ್ನೂ ಬಲಗೊಳ್ಳುವುವು.

೮. ಉತ್ತರ ಬೆಂಗಳೂರು ಮತ್ತು ಮುಂದಿನ ಕೆಲಸ

ಬೆಂಗಳೂರಿನ ಕ್ರೀಡಾಜೀವನವು ಒಂದು ಕಾಲಕ್ಕೆ ಕಬ್ಬನ್ ಉದ್ಯಾನದ ಸುತ್ತಮುತ್ತ ಕೇಂದ್ರೀಕೃತವಾಗಿತ್ತು. ಈಗ ಅದರ ಗಣನೀಯವಾದ ಭಾಗ ಉತ್ತರಕ್ಕೆ ಸರಿದಿದೆ. ಯಲಹಂಕದಾಚೆಯ ಸಾತನೂರಿನಲ್ಲಿ ಪ್ರಕಾಶ್ ಪಡುಕೋಣೆ ಮತ್ತು ರಾಹುಲ್ ದ್ರಾವಿಡ್ ಅವರ ಹೆಸರಿನ ಕ್ರೀಡಾಕೇಂದ್ರವು ನಡೆಯುತ್ತಿದೆ. ದೇವನಹಳ್ಳಿಯ ವಿಮಾನನಿಲ್ದಾಣದ ಕಡೆಗೆ ಭಾರತೀಯ ಕ್ರಿಕೆಟ್ ಮಂಡಲಿಯ ಉತ್ಕೃಷ್ಟತಾ ಕೇಂದ್ರವು ಮೂರು ಮೈದಾನಗಳೊಡನೆ ೨೦೨೪ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಆಟಗಾರ್ತಿಯರ ಸ್ಥಿತಿಯೂ ೧೯೭೬ರಲ್ಲಿದ್ದಂತೆ ಉಳಿದಿಲ್ಲ. ೨೦೧೭ರ ವಿಶ್ವಕಪ್ಪಿನಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಅವರು ನ್ಯೂಜಿಲೆಂಡಿನ ವಿರುದ್ಧ ಕೇವಲ ೧೫ ಓಟಗಳಿಗೆ ಐದು ಹುದ್ದರಿಗಳನ್ನು ಉರುಳಿಸಿದರು; ಕಡೂರಿನ ವೇದಾ ಕೃಷ್ಣಮೂರ್ತಿ ಅವರು ಅದೇ ಪಂದ್ಯದಲ್ಲಿ ೭೦ ಓಟಗಳನ್ನು ಗಳಿಸಿದರು. ೨೦೨೪ರ ಮಾರ್ಚಿನಲ್ಲಿ ಬೆಂಗಳೂರಿನ ಮಹಿಳಾ ತಂಡವು ಮಹಿಳಾ ಪ್ರೀಮಿಯರ್ ಲೀಗನ್ನು ಗೆದ್ದಾಗ ಅಂತಿಮ ಪಂದ್ಯದಲ್ಲಿ ಶ್ರೇಯಾಂಕಾ ಪಾಟೀಲ್ ಅವರು ೧೨ ಓಟಗಳಿಗೆ ನಾಲ್ಕು ಹುದ್ದರಿಗಳನ್ನು ಪಡೆದರು. ಅದೇ ಸಂಸ್ಥೆಯ ಪುರುಷರ ತಂಡಕ್ಕೆ ಪ್ರಶಸ್ತಿ ಒಲಿದುದು ಮರುವರ್ಷ. ೨೦೨೫ರ ನವೆಂಬರ್ ೨ರಂದು ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ೫೨ ಓಟಗಳಿಂದ ಸೋಲಿಸಿ ಏಕದಿನ ವಿಶ್ವಕಪ್ಪನ್ನು ಗೆದ್ದರು. ಈ ಪಂದ್ಯಗಳನ್ನು ಬರೆದವರಿಗೆ ಕೊರತೆಯಿರಲಿಲ್ಲ. ಪತ್ರಕರ್ತರ ಸಾಲಿನಲ್ಲಿ ಹೆಂಗಸರು ಈಗ ಅಪರೂಪದವರೂ ಅಲ್ಲ.

ಹಾಗಾದರೆ ನಮ್ಮ ಚಿಂತೆಗೆ ಕಾರಣವೇನು? ಇಂದಿನದು ಉಳಿಯುತ್ತದೆ, ನಿನ್ನಿನದು ಕೈಬಿಟ್ಟು ಹೋಗುತ್ತಿದೆ. ೧೯೭೬ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಇಳಿದವರು ಈಗ ಎಪ್ಪತ್ತರ ಆಸುಪಾಸಿನ ವಯಸ್ಸಿನವರು. ಅವರ ಆಟವನ್ನು ನೋಡಿದವರು, ಅಂಕಪಟ್ಟಿಯನ್ನು ಬರೆದವರು, ಅವರನ್ನು ಮೈದಾನಕ್ಕೆ ಕರೆದೊಯ್ದ ತಂದೆತಾಯಂದಿರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಹಳೆಯ ಪತ್ರಿಕೆಗಳ ಕಡತಗಳು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿವೆ. ಯಶವಂತಪುರ, ಜಾಲಹಳ್ಳಿಗಳ ಕಾರ್ಖಾನೆಗಳ ಸುತ್ತ ಬೆಳೆದ ಮೈದಾನಗಳಲ್ಲಿ ಆಡಿದ ಹೆಣ್ಣುಮಕ್ಕಳ ನೆನಪುಗಳು ಅವರವರ ಮನೆಗಳ ಬೀರುಗಳಲ್ಲಿ, ಮಾಸಿದ ಭಾವಚಿತ್ರಗಳ ರೂಪದಲ್ಲಿ, ಕುಳಿತಿವೆ. ಬೆಂಗಳೂರಿನ ಉತ್ತರ ಭಾಗದ ಕಾಲೇಜುಗಳಲ್ಲಿ ಚರಿತ್ರೆಯನ್ನು ಓದುತ್ತಿರುವವರು ದಾಖಲಿಸಬೇಕಾದ ಕೆಲಸ ಇದು. ಅದಕ್ಕೆ ದೊಡ್ಡ ಧನಸಹಾಯ ಬೇಕಾಗಿಲ್ಲ. ಧ್ವನಿಯನ್ನು ಮುದ್ರಿಸಿಕೊಳ್ಳುವ ಒಂದು ಫೋನು, ತಾರೀಖನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವ ಶಿಸ್ತು, ಹಿರಿಯರ ಮಾತನ್ನು ಕೊನೆಯ ತನಕ ಕೇಳುವ ತಾಳ್ಮೆ ಇದ್ದರೆ ಆರಂಭಿಸಬಹುದು. ಕೇಳಿದ ಮಾತನ್ನು ಪತ್ರಿಕೆಯ ಕಡತದೊಡನೆಯೂ ಅಂಕಪಟ್ಟಿಯೊಡನೆಯೂ ಹೋಲಿಸಿ ನೋಡಿದರೆ ಅದು ಸಂಶೋಧನೆಯೂ ಆಗುತ್ತದೆ.

ಶಾರದಾ ಉಗ್ರ ಅವರ ವೃತ್ತಿಜೀವನವು ನಮಗೆ ಕಲಿಸುವ ಪಾಠ ಇಷ್ಟೇ: ಆಟ ನಡೆಯುವ ಜಾಗಕ್ಕೆ ಹೋಗಬೇಕು, ಬಾಗಿಲ ಹೊರಗೆ ನಿಲ್ಲಿಸಿದರೂ ನಿಂತು ಕಾಯಬೇಕು, ಕಂಡುದನ್ನು ದಾಕ್ಷಿಣ್ಯವಿಲ್ಲದೆ ಬರೆಯಬೇಕು. ಈ ಮೂರೂ ಚರಿತ್ರಕಾರನ ಕರ್ತವ್ಯಗಳೂ ಆಗಿವೆ. ಆ ತಲೆಮಾರಿನ ಆಟಗಾರ್ತಿಯರು ನಮ್ಮೊಡನಿರುವಾಗಲೇ ಈ ಕೆಲಸ ಆರಂಭವಾಗಲೆಂದು ನಾವು ಆಶಿಸುತ್ತೇವೆ.